ಹೊಳೆದಂಡೆಯ ಮಣ್ಣೊಳಗೆ ನಡೆದ ಪ್ಲಾಸ್ಟಿಕ್ಕು

ನಾನು ಮದುವೆಯಾಗಿ ಬಂದ ಮನೆಯ ಹೊಲ ಕಪಿಲಾ ಹೊಳೆಯ ದಂಡೆಗೆ ತಾಗಿಕೊಂಡಿತ್ತು. ಹೊಳೆ ನಂಜನಗೂಡು ದಾಟಿ ತಿ. ನರಸೀಪುರದ ಕಡೆಗೆ ಹರಿಯುವ ದಾರಿಯಲ್ಲಿ ನಮ್ಮೂರು. ಹೊಲದ ಮೇಲ್ಭಾಗ ಕಪ್ಪು ಎರೆಮಣ್ಣು. ಬೇಸಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುತ್ತಿತ್ತು. ಕೆಳಭಾಗ ಹೊಳೆಯೇ ತಂದು ಹಾಸಿದ ಮರಳುಮಣ್ಣು. ಬರಿಗಾಲಲ್ಲಿ ನಡೆದರೆ ಕಾಲು ಮೆತ್ತಗೆ ಇಳಿಯುತ್ತಿತ್ತು. ನನ್ನ ತವರು ಹೆಡತಲೆ. ಅಲ್ಲಿ ನಮ್ಮದು ಮಳೆ ನಂಬಿದ ಬೆದ್ದಲು. ಹಾಗಾಗಿ ಹೊಳೆಯ ನೀರು ಕಣ್ಣೆದುರಿಗೇ ಹರಿಯುವ ಹೊಲವನ್ನು ಕಂಡ ಮೊದಮೊದಲು ಏನಾದರೊಂದು ನೆಪ ಮಾಡಿಕೊಂಡು ದಿನಾ ಅಲ್ಲಿಗೆ ಹೋಗಿ ನಿಂತು ಬರುತ್ತಿದ್ದೆ.

ಆ ಹೊಲವನ್ನು ನಡೆಸುತ್ತಿದ್ದವರು ನನ್ನ ಅತ್ತೆ. ಮಾವ ಬಹಳ ಹಿಂದೆಯೇ ತೀರಿಕೊಂಡಿದ್ದರು. ನನ್ನ ಗಂಡ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದರು. ಉಳುಮೆ, ಬಿತ್ತನೆ, ಆಳು, ಮಾರಾಟ ಎಲ್ಲವೂ ಅತ್ತೆಯದೇ. ಎತ್ತರದ ಹೆಂಗಸು, ದೊಡ್ಡ ಗಂಟಲು. ಅವರು ಹೊಲದಲ್ಲಿ ಮಾತಾಡಿದರೆ ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರು ತಲೆಯೆತ್ತಿ ನೋಡುತ್ತಿದ್ದರು. ಮೊದಲ ವರ್ಷ ನನಗೆ ಅವರೆಂದರೆ ಭಯವೇ ಇತ್ತು. ಒಮ್ಮೆ ಒಂದು ಮಾತು ಹೇಳಿದರೆ ಅದನ್ನು ಬದಲಾಯಿಸುವವರಲ್ಲ ಎಂದು ಊರಿನವರು ಹೇಳಿದ್ದನ್ನು ನಾನೂ ನಂಬಿದ್ದೆ. ಅದು ಸುಳ್ಳೆಂದು ಗೊತ್ತಾದದ್ದು ಈಗ ಹೇಳಹೊರಟಿರುವ ಸಂಗತಿಯಿಂದಲೇ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಕೊಟ್ಟಿಗೆಯಲ್ಲಿ ದನಗಳು ಕಡಿಮೆಯಾಗಿದ್ದವು. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳನ್ನು ಕೊಟ್ಟುಬಿಟ್ಟಿದ್ದರು. ಉಳಿದದ್ದು ಒಂದು ಹಸು, ಅದರ ಕರು. ಅವುಗಳ ಸಗಣಿ ಮನೆಯ ಮುಂದೆ ಸಾರಿಸುವುದಕ್ಕೇ ಸರಿಹೋಗುತ್ತಿತ್ತು. ಹೊಲಕ್ಕೆ ಗೊಬ್ಬರ ಎಲ್ಲಿಂದ ತರುವುದು ಎಂಬ ಚಿಂತೆಯಲ್ಲಿರುವಾಗ ಒಬ್ಬ ಟ್ರ್ಯಾಕ್ಟರಿನವನು ಬಂದ. ಪಟ್ಟಣದ ಕಸವನ್ನು ಕೊಳೆಸಿ ಮಾಡಿದ ಗೊಬ್ಬರ, ಬೇಕಾದಷ್ಟು ತಂದು ಸುರಿಯುತ್ತೇನೆ ಎಂದ. ಯಾವ ಪಟ್ಟಣದ್ದು, ಯಾರು ಕೊಳೆಸಿದ್ದು ಎಂದು ನಾವು ಕೇಳಲಿಲ್ಲ. ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಕಾಡಿನ ಹಾಗೆ ವಾಸನೆ ಹೊಡೆಯುತ್ತಿತ್ತು. ಅತ್ತೆ ಒಂದು ಹಿಡಿ ಎತ್ತಿ ಮೂಸಿ ನೋಡಿ, ತಲೆಯಾಡಿಸಿದರು.

"ಕವರ್ ಗಿವರ್ ಅವೆ ಒಸಿ. ಆಯ್ದು ಬಿಸಾಕ್ಬುಟ್ರೆ ಆಯ್ತದೆ," ಎಂದ ಅವನು.

ಹೊಲದ ತುಂಬ ಸುರಿಸಿದೆವು. ನಾನೂ ಅತ್ತೆಯೂ ಕೂಲಿಯ ಹೆಂಗಸರೂ ಕೂತು ಹಾಲಿನ ಕವರು, ಶಾಂಪೂ ಪೊಟ್ಟಣ, ಹಗ್ಗದ ತುಂಡು, ಚಪ್ಪಲಿಯ ಅಟ್ಟೆ ಎಲ್ಲವನ್ನೂ ಆಯ್ದೆವು. ಆಯ್ದದ್ದನ್ನು ಬದುವಿನ ಮೇಲೆ ಗುಡ್ಡೆ ಹಾಕಿ ಸುಟ್ಟೆವು. ಉಗುರಿಗೆ ಸಿಗದ ಸಣ್ಣ ಚೂರುಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದರ ಮೇಲೆಯೇ ಉಳುಮೆಯಾಯಿತು. ಆ ವರ್ಷ ಬದನೆಗಿಡಗಳು ಸೊಂಟದೆತ್ತರ ಬೆಳೆದವು. ಮೆಣಸಿನಕಾಯಿ ಬಿಡಿಸಿ ಬಿಡಿಸಿ ನಮ್ಮ ಬೆರಳುಗಳು ಉರಿಯುತ್ತಿದ್ದವು. ಊರಿನಲ್ಲಿ ಹಲವರು ಅತ್ತೆಯನ್ನು ಕೇಳಿಕೊಂಡು ಬಂದು ತಾವೂ ಅದೇ ಗೊಬ್ಬರ ತರಿಸಿದರು. ಅತ್ತೆ ಸುಮ್ಮನೆ ಹೊಗಳಿಸಿಕೊಳ್ಳುವ ಹೆಂಗಸಲ್ಲ. ಆದರೂ ಆ ದಿನಗಳಲ್ಲಿ ಬಾವಿಕಟ್ಟೆಗೆ ಹೋದರೆ ಬೇಗ ಬರುತ್ತಿರಲಿಲ್ಲ.

ಇನ್ನೂ ಒಂದೆರಡು ವರ್ಷ ಹಾಗೇ ನಡೆಯಿತು. ಉಳುಮೆ ಮಾಡಿದಾಗ ಮಣ್ಣಿನ ಮೇಲೆ ನೀಲಿ, ಬಿಳಿ, ಹಸಿರು ಚೂರುಗಳು ಕಾಣುತ್ತಿದ್ದವು. ಒಂದೆರಡು ಮಳೆ ಬಿದ್ದರೆ ಮಾಯ. ಕೊಳೆತುಹೋಯಿತು ಎಂದುಕೊಂಡೆವು. ಮಣ್ಣು ಎಲ್ಲವನ್ನೂ ತಿಂದು ಅರಗಿಸಿಕೊಳ್ಳುವುದನ್ನು ಹುಟ್ಟಿದಾಗಿನಿಂದ ನೋಡಿದವರಿಗೆ ಬೇರೆ ಏನು ತೋಚೀತು?

ಆಮೇಲೆ ಒಂದು ಬೇಸಗೆ, ಮೇಲಿನ ಎರೆಹೊಲದ ಅಂಚಿನಲ್ಲಿ ತೆಂಗಿನ ಸಸಿ ನೆಡುವುದೆಂದಾಯಿತು. ಗುಂಡಿ ತೋಡುತ್ತಿದ್ದವರು ನನ್ನ ಗಂಡ. ಸೊಂಟದ ಮಟ್ಟಕ್ಕೆ ಇಳಿದಿದ್ದರು. ಗುದ್ದಲಿಯಲ್ಲಿ ಎತ್ತಿ ಹಾಕಿದ ಹೆಂಟೆಯನ್ನು ಅತ್ತೆ ಕೈಯಲ್ಲಿ ಒಡೆದರು. ಒಳಗೆ ಒಂದು ನೀಲಿ ಎಳೆ. ಎಳೆದರು, ಅದು ಉದ್ದಕ್ಕೆ ಬಂತು, ಕಿತ್ತುಹೋದ ಚೀಲದ ನೂಲು. ಇನ್ನೊಂದು ಹೆಂಟೆ ಒಡೆದರು. ಅದರಲ್ಲಿ ಉಗುರಿನ ತುದಿಯಷ್ಟು ಬಿಳಿ ಚೂರು.

"ಇದನ್ಯಾರ್ಲಾ ಇಷ್ಟು ಆಳುಕ್ಕೆ ಊತವ್ರು?" ಎಂದು ಮಗನನ್ನು ಕೇಳಿದರು.

"ಯಾರೂ ಊತಿಲ್ಲ ಕಣವ್ವ. ಉಳುವಾಗ ಒಳಿಕೋಗಿರ್ಬೇಕು."

"ನೇಗ್ಲು ಇಷ್ಟು ಆಳುಕ್ಕೆ ಓದದಾ? ನಿಮ್ಮಪ್ಪ ಉಳ್ತಿದ್ದಾಗಿಂದ ನೋಡಿವ್ನಿ. ಮೊಣಕಾಲ್ಗಂಟೂ ಓಗಕಿಲ್ಲ."

ಅವರು ಗುಂಡಿಯ ಅಂಚಿನಲ್ಲಿ ಕೂತುಬಿಟ್ಟರು. ಮಗ ಕೆಲಸಕ್ಕೆ ಹೊತ್ತಾಯಿತೆಂದು ಮೇಲೆ ಬಂದರೂ ಇವರು ಏಳಲಿಲ್ಲ. ತಾವೇ ಗುಂಡಿಗಿಳಿದು ಪಕ್ಕದ ಗೋಡೆಯ ಮಣ್ಣನ್ನು ಕುಡುಗೋಲಿನ ತುದಿಯಲ್ಲಿ ಕೆರೆಯತೊಡಗಿದರು. ನಾನು ಬುತ್ತಿ ತೆಗೆದುಕೊಂಡು ಹೋದಾಗ ಅವರ ತಲೆ ಮಾತ್ರ ಕಾಣುತ್ತಿತ್ತು.

"ಇಲ್ಲಿ ಬಾ ಮಗಾ. ನೋಡಿಲ್ಲಿ," ಎಂದು ಕರೆದರು.

ಗುಂಡಿಯ ಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಬಣ್ಣ ಬದಲಾದ ಗೆರೆ ಇತ್ತು. ಹಳೆಯ ಬಿರುಕು. ಬೇಸಗೆಯಲ್ಲಿ ಬಾಯಿ ತೆರೆದು, ಮೊದಲ ಮಳೆಗೆ ಮೇಲಿನ ಸಡಿಲ ಮಣ್ಣನ್ನು ನುಂಗಿ, ಮತ್ತೆ ಮುಚ್ಚಿಕೊಂಡದ್ದು. ಚೂರುಗಳು ಅಲ್ಲಲ್ಲಿ ಆ ಗೆರೆಯೊಳಗೇ ಇದ್ದವು. ಪಕ್ಕದಲ್ಲಿ ಎರೆಹುಳು ಕೊರೆದ ಸಣ್ಣ ತೂತು. ಅದರ ಗೋಡೆಗೂ ಒಂದೆರಡು ಅಂಟಿದ್ದವು. ಒಣಗಿದ ಬೇರು ಬಿಟ್ಟುಹೋದ ಕೊಳವೆಯಲ್ಲೂ ಇದ್ದವು. ಗಟ್ಟಿ ಮಣ್ಣಿನ ನಡುವೆ ಹುಡುಕಿದರೆ ಏನೂ ಇಲ್ಲ. ದಾರಿ ಇದ್ದಲ್ಲಿ ಮಾತ್ರ ಇಳಿದಿದ್ದವು.

ನಾನು ಪಿಯುಸಿಯಲ್ಲಿ ವಿಜ್ಞಾನ ಓದಿದವಳು. ಮುಂದೆ ಓದುವ ಆಸೆ ಇತ್ತು, ಆಗಲಿಲ್ಲ. ಪ್ರಯೋಗಾಲಯದ ವಾಸನೆಯೆಂದರೆ ನನಗೆ ಆಗಲೂ ಇಷ್ಟ, ಈಗಲೂ ಇಷ್ಟ. ಮದುವೆಯಾದ ಮೇಲೆ ಅದೆಲ್ಲ ಮುಗಿಯಿತು ಎಂದುಕೊಂಡಿದ್ದೆ. ಆ ದಿನ ಗುಂಡಿಯೊಳಗೆ ಅತ್ತೆಯ ಭುಜಕ್ಕೆ ಭುಜ ತಾಗಿಸಿಕೊಂಡು ಮಣ್ಣಿನ ಗೋಡೆ ನೋಡುವಾಗ ನನ್ನ ಎದೆ ಬಡಿದುಕೊಂಡದ್ದು ಚೆನ್ನಾಗಿ ನೆನಪಿದೆ. ಅದು ಖುಷಿಯ ಬಡಿತ. ಅತ್ತೆಯ ಮೇಲಿದ್ದ ಭಯ ಯಾವಾಗ ಹೋಯಿತು ಎಂದು ಯಾರಾದರೂ ಕೇಳಿದರೆ ಅದೇ ದಿನ ಎನ್ನುತ್ತೇನೆ.

"ಎರೆಮಣ್ಣಲ್ಲಿ ಸರಿ, ಬಿರ್ಕದೆ. ಮಳ್ಳಲ್ಲಿ ಬಿರ್ಕಿಲ್ವಲ್ಲ. ಅಲ್ಲೆಂಗೆ ಓಯ್ತದೆ?" ಎಂದು ಅವರು ದಾರಿಯುದ್ದಕ್ಕೂ ಕೇಳುತ್ತಾ ಬಂದರು. ಮರುದಿನ ಹೊಳೆಯ ಬದಿಯ ಮರಳುಮಣ್ಣನ್ನೂ ತೋಡಿದೆವು. ಅಲ್ಲಿಯೂ ಇದ್ದವು. ಆದರೆ ಬೇರೆ ರೀತಿ. ಅಗಲದ ಹಾಳೆಚೂರುಗಳು ಮೇಲೆಯೇ. ಆಳಕ್ಕೆ ಹೋದಷ್ಟೂ ಸಣ್ಣ ಸಣ್ಣವು, ಮರಳಿನ ಕಾಳಿನಷ್ಟೇ, ಬಣ್ಣ ಇಲ್ಲದಿದ್ದರೆ ಗುರುತೇ ಸಿಗದಂಥವು. ಈಗ ಇದಕ್ಕೆ ಮೈಕ್ರೋಪ್ಲಾಸ್ಟಿಕ್ ಎಂಬ ಹೆಸರಿದೆ. ಕಡಲ ದಂಡೆಯ ಮಣ್ಣಿನಲ್ಲೂ ಹೀಗೇ ಇಳಿಯುತ್ತದೆ, ಹೀಗೇ ಹರಿಯುತ್ತದೆ ಎಂದು ಪತ್ರಿಕೆಗಳಲ್ಲಿ ಓದುತ್ತೇನೆ. ಆಗ ನಮ್ಮ ಮನೆಯಲ್ಲಿ ಅದರ ಹೆಸರು ಬರೀ 'ಚೂರು'.

ನಮ್ಮ ತಾರಸಿಯ ಮೇಲೆ ಒಡೆದ ಕೆಂಪು ಬಕೆಟ್ಟೊಂದು ವರ್ಷಗಟ್ಟಲೆ ಬಿಸಿಲಿಗೆ ಬಿದ್ದಿತ್ತು. ಅತ್ತೆ ಅದನ್ನು ಎತ್ತಲು ಹೋದರೆ ಹಿಡಿದ ಕಡೆಯೇ ಹಪ್ಪಳದ ಹಾಗೆ ಮುರಿಯಿತು. ಕೈಯಲ್ಲಿ ಹಿಸುಕಿದರು, ಪುಡಿಯಾಯಿತು. ಆ ಪುಡಿಯನ್ನು ಅಂಗೈಯಲ್ಲಿಟ್ಟುಕೊಂಡು ಅವರು ಬಹಳ ಹೊತ್ತು ನೋಡಿದರು. ಬಿಸಿಲು ಮುರಿಯುತ್ತದೆ, ನೇಗಿಲು ಮುರಿಯುತ್ತದೆ, ಆಮೇಲೆ ನೀರು ಒಯ್ಯುತ್ತದೆ ಎಂಬುದು ಇಬ್ಬರಿಗೂ ಹೊಳೆಯಿತು. ನೀರು ಎಲ್ಲಿಗೆ ಒಯ್ಯುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

"ಈ ಕೆಂಪು ನಮ್ಮೊಲದಲ್ಲಿ ಬೇರೆಲ್ಲೂ ಇಲ್ಲ. ಇದನ್ನೇ ಆಕ್ಬುಟ್ಟು ನೋಡದು," ಎಂದರು.

ಮರಳುಹೊಲದ ಒಂದು ಮೂಲೆಯಲ್ಲಿ, ಬದುವಿನ ಹತ್ತಿರ, ಬೊಗಸೆಯಷ್ಟು ಕೆಂಪು ಪುಡಿಯನ್ನು ಮಣ್ಣಿನ ಮೇಲೆ ಉದುರಿಸಿ, ಗುರುತಿಗೆ ಒಂದು ಕಲ್ಲು ನೆಟ್ಟರು. ನಾನು ಮನೆಯಲ್ಲಿ ನನ್ನದೇ ಪರೀಕ್ಷೆ ಶುರುಮಾಡಿದೆ. ಗಾಜಿನ ಉಪ್ಪಿನಕಾಯಿ ಜಾಡಿಯಲ್ಲಿ ಹೊಳೆಮರಳು ತುಂಬಿ, ಮೇಲೆ ಅದೇ ಕೆಂಪು ಪುಡಿ ಹಾಕಿ, ದಿನಾ ಬೆಳಗ್ಗೆ ಒಂದು ಚೊಂಬು ನೀರು ಬಿಡುತ್ತಿದ್ದೆ. ತಳಕ್ಕಿಳಿದ ನೀರನ್ನು ಮರಳಿನಲ್ಲಿ ನೆಟ್ಟ ಪಪ್ಪಾಯಿ ಕೊಳವೆಯಿಂದ ಹೀರಿ ತೆಗೆಯುತ್ತಿದ್ದೆ. ಏನೂ ಆಗಲಿಲ್ಲ. ಪುಡಿ ಮೇಲೆ ತೇಲುತ್ತಿತ್ತು, ನೀರು ಇಂಗಿದ ಮೇಲೆ ಮರಳಿನ ಮೇಲೆಯೇ ಕೂರುತ್ತಿತ್ತು. ಗಂಡ ನಕ್ಕರು. ಅತ್ತೆ ನಗಲಿಲ್ಲ, ಆದರೆ ಜಾಡಿ ಉಪ್ಪಿನಕಾಯಿಗೆ ಬೇಕು ಎಂದು ನೆನಪಿಸಿದರು.

ಆಮೇಲೆ ದೇವನೂರಿನ ಕಡೆ ನೆಂಟರ ಮನೆಯ ಮದುವೆ ಬಂತು. ಎಲ್ಲರೂ ಹೋಗಿ ಕೆಲವು ದಿನ ಇದ್ದು ಬಂದೆವು. ಅಷ್ಟರಲ್ಲಿ ಜಾಡಿಯ ಮರಳು ಒಣಗಿ ಗರಗರ ಅನ್ನುತ್ತಿತ್ತು. ಇನ್ನು ಖಾಲಿ ಮಾಡೋಣ ಎಂದುಕೊಂಡು ಕೊನೆಯದಾಗಿ ಒಂದು ಚೊಂಬು ನೀರು ಬಿಟ್ಟೆ. ಗಾಜಿನ ಪಕ್ಕದಲ್ಲಿ ಕೆಂಪು ಕಾಳೊಂದು ಸರಕ್ಕನೆ ಒಂದು ಬೆರಳು ಇಳಿದದ್ದು ಕಣ್ಣಾರೆ ಕಂಡೆ. ಅದರ ಹಿಂದೆ ಇನ್ನೂ ಕೆಲವು. ದಿನಾ ಒದ್ದೆಯಾಗಿದ್ದರೆ ಇಳಿಯುವುದಿಲ್ಲ. ಒಣಗಿ, ನೆನೆದು, ಮತ್ತೆ ಒಣಗಿ, ಮತ್ತೆ ನೆನೆದರೆ ಇಳಿಯುತ್ತದೆ. ದೊಡ್ಡವು ಅಲ್ಲ, ಸಣ್ಣವು ಮಾತ್ರ. ನಾನು ಅತ್ತೆಯನ್ನು ಕೂಗಿ ಕರೆದೆ. ಅವರು ರಾಗಿ ಬೀಸುವುದನ್ನು ಬಿಟ್ಟು ಬಂದು, ಜಾಡಿಯ ಮುಂದೆ ಮೊಣಕಾಲೂರಿ ಕೂತರು.

"ಅಂದ್ರೆ ಬಿಸ್ಲು ಮಳೆ, ಬಿಸ್ಲು ಮಳೆ. ನಮ್ಮೊಲ ಮಾಡದೂ ಅದೇಯ," ಎಂದರು. ಮೊಣಕಾಲು ಹಿಡಿದು ಏಳುತ್ತಾ, "ನೀನು ಓದ್ಬೇಕಾಗಿತ್ತು ಕಣವ್ವ," ಎಂದರು. ಆ ಮಾತನ್ನು ಅವರು ಮತ್ತೆಂದೂ ಹೇಳಲಿಲ್ಲ. ಒಂದು ಸಲ ಹೇಳಿದ್ದು ನನಗೆ ಸಾಕಾಗಿತ್ತು. ಉಪ್ಪಿನಕಾಯಿಗೆ ಬೇರೆ ಜಾಡಿ ಬಂತು.

ಎರಡು ಸಾವಿರದ ಇಸವಿಯ ನಂತರದ ಒಂದು ವರ್ಷ ಮೇಲೆ ಕೇರಳದ ಕಡೆ ಮಳೆ ಜೋರಾಗಿ, ಅಣೆಕಟ್ಟೆಯಿಂದ ನೀರು ಬಿಟ್ಟರು. ಕಪಿಲೆ ಕೆಂಪಗೆ ಉಬ್ಬಿದಳು. ನಂಜನಗೂಡಿನ ಸ್ನಾನಘಟ್ಟ ಮುಳುಗಿದೆ ಎಂದು ಗಂಡ ಬಂದು ಹೇಳಿದರು. ನಮ್ಮ ಮರಳುಹೊಲದ ಮೇಲೆ ನೀರು ನಿಂತಿತು. ಅದು ನಮಗೆ ಹೊಸದಲ್ಲ. ನೀರು ಬರುತ್ತದೆ, ಗೋಡುಮಣ್ಣು ಬಿಟ್ಟು ಹೋಗುತ್ತದೆ, ಮುಂದಿನ ಬೆಳೆ ಚೆನ್ನಾಗಿ ಬರುತ್ತದೆ. ಆದರೆ ಆ ಸಲ ನೀರು ಇಳಿದ ಕೂಡಲೇ ಅತ್ತೆ ಕೆಸರು ತುಳಿದುಕೊಂಡು ಹೊಲಕ್ಕೆ ಹೋದರು. ನಾನು ಹಿಂದೆಯೇ ಹೋದೆ.

ಗುರುತಿನ ಕಲ್ಲು ಅಲ್ಲೇ ಇತ್ತು. ಕೆಂಪು ಪುಡಿ ಇರಲಿಲ್ಲ. ಕಲ್ಲಿನ ಬುಡದಲ್ಲಿ ತೋಡಿದರೆ ಆಳದಲ್ಲಿ ಕೆಲವು ಕಾಳು ಸಿಕ್ಕವು. ಮಿಕ್ಕಿದ್ದು ಎಲ್ಲಿ? ಅತ್ತೆ ನೀರು ಇಳಿದುಹೋದ ಗೆರೆಯನ್ನು ಹಿಡಿದು ನಡೆಯುತ್ತಾ ಹೋದರು. ಹುಲ್ಲುಕಡ್ಡಿ, ಎಲೆ, ನೊರೆ ಒಣಗಿದ ಗೆರೆ. ನಮ್ಮ ಬದು ದಾಟಿತು. ಬದುವಿನ ಆಚೆ ಮೇಗಳಕೇರಿಯ ಗೌಡರ ಹೊಲ. ಅಲ್ಲಿ ಅವರು ನಿಂತರು, ಬಗ್ಗಿದರು.

ಗೌಡರ ಹೊಲದ ಮೇಲೆ ಒಣಗಿದ ಗೆರೆಯಲ್ಲಿ ನಮ್ಮ ಬಕೆಟ್ಟಿನ ಕೆಂಪು ಕಾಳುಗಳು ಕುಂಕುಮದ ಹಾಗೆ ಬಿದ್ದಿದ್ದವು. ಅವುಗಳ ಜೊತೆ ನೀಲಿ ನೂಲು, ಬಿಳಿ ಚೂರು, ನಮ್ಮ ಗೊಬ್ಬರದ್ದೇ ಎಂದು ಹೇಳಬಹುದಾದದ್ದೆಲ್ಲ.

ಗೌಡರಿಗೂ ನಮಗೂ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಆ ಬದುವಿನದೇ ಜಗಳ. ಮಾವ ಬದುಕಿದ್ದಾಗ ಶುರುವಾದದ್ದು. ಯಾರು ಯಾರ ಕಡೆಗೆ ಒತ್ತಿದರು ಎಂಬುದು. ಸರ್ವೆಯವರು ಬಂದು ಅಳೆದು ಹೋದ ಮೇಲೂ ಎರಡೂ ಮನೆಯವರು ಎದುರಾದರೆ ಮುಖ ತಿರುಗಿಸುತ್ತಿದ್ದರು. ನಮ್ಮ ಕೇರಿಯ ಹೆಂಗಸೊಬ್ಬಳು ಅವರ ಮನೆಯ ಅಂಗಳಕ್ಕೆ ಹೋಗಿ ತಾನಾಗಿ ತಪ್ಪು ಒಪ್ಪಿಕೊಳ್ಳುವುದೆಂದರೆ ಎಂಥದು ಎಂದು ಊರಿನಲ್ಲಿ ಬೆಳೆದವರಿಗೆ ಗೊತ್ತು.

ಆ ಸಂಜೆ ಗಂಡ ಹೇಳಿದರು, "ಯಾರ್ಗೂ ಗೊತ್ತಾಗಕಿಲ್ಲ ಬುಡವ್ವ. ಒಳೆ ತಂದಾಕದೆ ಅನ್ಕೋತಾರೆ. ಅವ್ರೂ ಅದೇ ಗೊಬ್ರ ಆಕವ್ರಲ್ಲ."

"ಕೆಂಪು ಬಕೀಟು ಅವರಾಕಿಲ್ಲ. ನಾನಾಕಿದ್ದು," ಎಂದರು ಅತ್ತೆ. "ಈ ಗೊಬ್ರ ಒಳ್ಳೇದು ಅಂತ ಊರ್ಗೆಲ್ಲ ಏಳ್ದವಳೂ ನಾನೇಯ. ಒಳ್ಳೇದು ಅಂತ ಏಳಕೆ ಬಾಯಿತ್ತಲ್ಲ, ಇದನ್ನೇಳಕೂ ಅದೇ ಬಾಯಿ."

ಬೆಳಗ್ಗೆ ಎದ್ದು ಸ್ನಾನ ಮಾಡಿದರು. ನಡುಮನೆಯಲ್ಲಿ ಬುದ್ಧನ ಪಟವೂ ನಂಜುಂಡೇಶ್ವರನ ಪಟವೂ ಅಕ್ಕಪಕ್ಕ ಇದ್ದವು, ಎರಡಕ್ಕೂ ಕೈಮುಗಿದರು. ಒಗೆದ ಸೀರೆ ಉಟ್ಟು, ಕೆಂಪು ಕಾಳುಗಳನ್ನು ಒಂದು ಎಲೆಯಲ್ಲಿ ಸುತ್ತಿಕೊಂಡು ಹೊರಟರು. ನನ್ನನ್ನೂ ಬಾ ಎಂದರು.

ಗೌಡರು ಅಂಗಳದಲ್ಲಿ ಹಾಲು ಕರೆಸುತ್ತಿದ್ದರು. ವಯಸ್ಸಾದವರು, ಹೆಗಲ ಮೇಲೆ ಟವೆಲ್. ನಮ್ಮನ್ನು ಕಂಡು ಅವರ ಹುಬ್ಬು ಮೇಲೆ ಹೋಯಿತು.

"ಏನವ್ವ, ಇತ್ತ ಬಂದ್ಬುಟ್ಟೆ?"

ಅತ್ತೆ ಎಲೆ ಬಿಚ್ಚಿ ತೋರಿಸಿದರು. "ಇದು ನಿಮ್ಮೊಲದಲ್ಲಿ ಸಿಕ್ತು ಗೌಡ್ರೆ. ನಮ್ಮೊಲದಿಂದ ಬಂದದೆ. ನೀರು ಒತ್ಕೊಂಡ್ಬಂದದೆ. ಬರೀ ಇದಲ್ಲ, ಆ ಟ್ಯಾಕ್ಟ್ರು ಗೊಬ್ರದ ಚೂರೆಲ್ಲ ಬಂದವೆ. ನಾನೇ ಆಕ್ಸಿದ್ದು. ನಿಮಗೇಳ್ಬೇಕು ಅಂತ ಬಂದೆ."

ಗೌಡರು ಎಲೆಯನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿದರು. ಜಗಳಕ್ಕೆ ಬಂದವಳಲ್ಲ ಎಂಬುದನ್ನು ನಂಬಲು ಅವರಿಗೆ ಸ್ವಲ್ಪ ಸಮಯ ಬೇಕಾಯಿತು.

"ನಂದು ಎಲ್ಗೋಗದೆ ಅಂಗಾರೆ?" ಎಂದರು ಕೊನೆಗೆ.

"ಅಂದ್ರೆ?"

"ನಾನೂ ಅದೇ ಗೊಬ್ರ ಆಕಿವ್ನಲ್ಲ. ನಿಂದು ನಂಗೆ ಬಂದ್ರೆ, ನಂದು ಕೆಳಗ್ಳೋರ್ಗೆ ಓಗದೆ. ಅವರ್ದು ಒಳೆಗೆ. ಒಳೆ ತಿರುಮಕೂಡ್ಲಿಗೆ." ಅವರು ಟವೆಲ್ಲಿನಿಂದ ಜಗುಲಿಯ ಧೂಳು ಒರೆಸಿದರು. "ಕೂತ್ಕಳಿ," ಎಂದರು.

ಅತ್ತೆ ಕೂತರು. ನಾನು ಕಂಬದ ಪಕ್ಕ ನಿಂತೆ. ಒಳಗಿನಿಂದ ಗೌಡತಿ ಲೋಟದಲ್ಲಿ ಕಾಫಿ ತಂದುಕೊಟ್ಟರು. ಆ ಮನೆಯ ಜಗುಲಿಯ ಮೇಲೆ ನಮ್ಮ ಅತ್ತೆ ಕೂತು ಕಾಫಿ ಕುಡಿದದ್ದು ಅದೇ ಮೊದಲು. ಅತ್ತೆ ಕೂತ ರೀತಿಯಲ್ಲಿ ಗೆದ್ದ ಭಾವವೂ ಇರಲಿಲ್ಲ, ಸಂಕೋಚವೂ ಇರಲಿಲ್ಲ. ಕೆಲಸದ ಮಾತಾಡಲು ಬಂದವರ ಹಾಗೆ ಕೂತಿದ್ದರು. ಬಿರುಕಿನ ವಿಷಯ, ಜಾಡಿಯ ವಿಷಯ ಎಲ್ಲ ಹೇಳಿದರು. ಜಾಡಿಯದನ್ನು ಹೇಳುವಾಗ ನನ್ನ ಕಡೆ ತಿರುಗಿ, "ಅದನ್ನ ಕಂಡ್ಕಂಡವಳು ಇವಳು," ಎಂದರು.

ಬದುವಿನ ಉದ್ದಕ್ಕೂ ಒಂದು ಕಾಲುವೆ ತೋಡುವುದು, ಹರಿದು ಬರುವ ನೀರು ಅದರಲ್ಲಿ ನಿಂತು ನಿಧಾನವಾಗಿ ಹೋಗುವ ಹಾಗೆ ಮಾಡುವುದು, ದಂಡೆಗೆ ಒತ್ತೊತ್ತಾಗಿ ಹುಲ್ಲು ನೆಡುವುದು ಎಂಬ ಯೋಚನೆ ಯಾರದೆಂದು ಈಗ ನನಗೆ ನೆನಪಿಲ್ಲ. ಇಬ್ಬರೂ ಮಾತಾಡುತ್ತಾ ಆಡುತ್ತಾ ಅಲ್ಲಿಗೆ ಬಂದರು. ಆದರೆ ಕಾಲುವೆಗೆ ಜಾಗ ಬೇಕು. ಯಾರ ಹೊಲದಲ್ಲಿ? ಹಳೆಯ ಜಗಳ ಮತ್ತೆ ಬಂದು ಇಬ್ಬರ ನಡುವೆ ಕೂತ ಹಾಗಾಯಿತು.

"ನಮ್ಮ ಕಡೆ ತೋಡದು," ಎಂದರು ಅತ್ತೆ. "ಇಳಿಜಾರು ನಮ್ದಲ್ವಾ."

ಗಂಡನಿಗೆ ಅದು ಇಷ್ಟವಾಗಲಿಲ್ಲ. ಎರಡು ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿಯಾಗಿತ್ತು. ಅಪ್ಪ ಹೋರಾಡಿ ಉಳಿಸಿಕೊಂಡ ನೆಲ ಎಂದು ಅವರು, ನೆಲ ಎಲ್ಲೂ ಹೋಗಲ್ಲ ಕಾಲುವೆಯಾಗಿ ಅಲ್ಲೇ ಇರುತ್ತದೆ ಎಂದು ಇವರು. ಮೂರನೆಯ ದಿನ ಭಾನುವಾರ. ಗಂಡ ನಮಗಿಂತ ಮೊದಲೇ ಎದ್ದು ಗುದ್ದಲಿ ತೆಗೆದುಕೊಂಡು ಹೊಲಕ್ಕೆ ಹೋದರು. ನಾವು ಹೋಗುವ ಹೊತ್ತಿಗೆ ಕಾಲುವೆಯ ಮೊದಲ ಮಾರು ತೋಡಿ ಆಗಿತ್ತು. ಗೌಡರು ತಮ್ಮ ತೋಟದಿಂದ ಒಂದು ಗಾಡಿ ಲಾವಂಚದ ಬುಡ ಕಳಿಸಿಕೊಟ್ಟರು. ತಾವೂ ಬಂದು ಎಷ್ಟು ಒತ್ತಾಗಿ ನೆಡಬೇಕೆಂದು ನಿಂತು ಹೇಳಿದರು.

ಮುಂದಿನ ಮಳೆಗೆ ಕಾಲುವೆಯಲ್ಲಿ ಬಿದ್ದದ್ದನ್ನು ನೋಡಿ ನಮಗೆಲ್ಲ ಒಂದು ಥರ ಆಯಿತು. ನೀರು ಇಂಗಿದ ಮೇಲೆ ತಳದಲ್ಲಿ ನುಣುಪಾದ ಗೋಡು, ಅದರ ಮೇಲೆ ಬಣ್ಣಬಣ್ಣದ ತೆಳು ಪದರ. ಅದನ್ನು ಒಣಗಿಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದೆವು. ಮಣ್ಣು ಕೆಳಗೆ ಬಿತ್ತು, ಚೂರು ಮೇಲೆ ಉಳಿಯಿತು. ಜರಡಿಗೂ ಸಿಗದ ಸಣ್ಣವು ಬಿದ್ದೇ ಬಿದ್ದವು. ನೀರು ತುಂಬಿದ ಬಾನಿಯಲ್ಲಿ ಆ ಮಣ್ಣನ್ನು ಕಲಕಿದರೆ ಕೆಲವು ತೇಲುತ್ತವೆ, ಬಟ್ಟೆಯಲ್ಲಿ ಸೋಸಿ ತೆಗೆಯಬಹುದು ಎಂದು ನಾನು ಹೇಳಿದೆ. ಹಾಗೂ ಮಾಡಿದೆವು. ಎಲ್ಲವೂ ಬರಲಿಲ್ಲ. ಭಾರದವು ಮುಳುಗಿಯೇ ಉಳಿದವು. ಅತ್ತೆ ಬೇಸರ ಮಾಡಿಕೊಳ್ಳಲಿಲ್ಲ. ಬಂದಷ್ಟು ಬಂತು ಎಂದು ಸೆರಗಿನಲ್ಲಿ ಬೆವರು ಒರೆಸಿಕೊಂಡು ಮತ್ತೆ ಬಾನಿಗೆ ಕೈಹಾಕುತ್ತಿದ್ದರು.

ಟ್ರ್ಯಾಕ್ಟರಿನವನು ಮತ್ತೆ ಬಂದಾಗ ಅತ್ತೆ ಅವನನ್ನು ಬೈಯಲಿಲ್ಲ. ಕಾಲುವೆಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರು.

"ಜರಡಿ ಇಡ್ದು ತಂದ್ರೆ ತಗೋತೀವಿ ಕಣಪ್ಪ. ಇಂಗೇ ತಂದ್ರೆ ಬ್ಯಾಡ."

"ಯಾರಮ್ಮ ಜರಡಿ ಇಡಿತಾರೆ ಅಷ್ಟೊಂದ?" ಎಂದ ಅವನು.

"ನಾವು ಇಡಿತಿದ್ದೀವಲ್ಲ," ಎಂದರು ಅತ್ತೆ.

ಅವನು ಮತ್ತೆ ನಮ್ಮೂರಿಗೆ ಬರಲಿಲ್ಲ. ಗೊಬ್ಬರಕ್ಕೆ ಸೆಣಬು ಬಿತ್ತಿ, ಹೂವಿಗೆ ಬರುವ ಮುಂಚೆ ಉತ್ತು ಮಣ್ಣಿಗೆ ಸೇರಿಸಿದೆವು. ಬದುವಿನ ಮೇಲೆ ಹೊಂಗೆ ಬೆಳೆಸಿ ಸೊಪ್ಪು ಹಾಕಿದೆವು. ಮೊದಲೆರಡು ವರ್ಷ ಬದನೆ ಮೊದಲಿನಷ್ಟು ಬರಲಿಲ್ಲ. ಬಾವಿಕಟ್ಟೆಯಲ್ಲಿ ಕೆಲವರು ಅದನ್ನು ಆಡಿಕೊಂಡರು. ಅತ್ತೆ ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಗೊಬ್ಬರ ತರಿಸಿದ್ದ ಒಬ್ಬೊಬ್ಬರ ಮನೆಗೂ ಹೋಗಿ, ನಾನು ಹೇಳಿದ್ದು ಸರಿಯಾಗಿರಲಿಲ್ಲ, ಬಂದು ನೋಡಿ ಎಂದು ಕರೆದರು. ಕೆಲವರು ಬಂದರು. ಬಂದವರಲ್ಲಿ ಕೆಲವರು ತಮ್ಮ ಹೊಲದ ಅಂಚಿಗೂ ಹುಲ್ಲು ನೆಟ್ಟರು. ಬಾರದವರೂ ಇದ್ದರು. ಅವರ ಹತ್ತಿರ ಅತ್ತೆ ಜಗಳ ಆಡಲಿಲ್ಲ, ಮಾತೂ ಬಿಡಲಿಲ್ಲ.

ಆ ಹೊತ್ತಿಗೆ ನಮ್ಮೂರಿನಲ್ಲಿ ಹೆಂಗಸರ ಸ್ವಸಹಾಯ ಸಂಘ ಶುರುವಾಗಿತ್ತು. ಸಂಘಗಳೆಲ್ಲ ಸೇರುವ ಒಂದು ಸಭೆ ತಿ. ನರಸೀಪುರದಲ್ಲಿ ನಡೆದಾಗ ನಮ್ಮ ಕಡೆಯಿಂದ ಅತ್ತೆಯನ್ನು ಮಾತಾಡಲು ನಿಲ್ಲಿಸಿದರು. ಬಸ್ಸಿನಲ್ಲಿ ಹೋಗುವಾಗ ಏನು ಹೇಳಬೇಕೆಂದು ನನ್ನನ್ನು ಕೇಳಿದರು. ಗುಂಡಿಯಿಂದ ಶುರುಮಾಡಿ ಎಂದೆ. ಮೈಕಿನ ಮುಂದೆ ನಿಂತಾಗ ಅವರಿಗೆ ಮೈಕೇ ಬೇಕಾಗಿರಲಿಲ್ಲ. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಉಪದೇಶ ಮಾಡಲಿಲ್ಲ. ತೆಂಗಿನ ಗುಂಡಿಯಲ್ಲಿ ಏನು ಕಂಡೆವು, ಮರಳಿನಲ್ಲಿ ಏನು ಕಂಡೆವು, ನೀರು ಎಲ್ಲಿಗೆ ಒಯ್ದಿತು ಎಂದು ನಡೆದದ್ದನ್ನು ನಡೆದ ಹಾಗೆ ಹೇಳಿದರು. ತಾವೇ ಆ ಗೊಬ್ಬರವನ್ನು ಊರಿಗೆ ತರಿಸಿದ್ದನ್ನೂ ಬಿಡಲಿಲ್ಲ. ನಾನು ಹಿಂದಿನ ಸಾಲಿನಲ್ಲಿ ಕೂತು ಅವರನ್ನು ನೋಡುತ್ತಿದ್ದೆ. ಇಷ್ಟು ಜನರ ಮುಂದೆ ತನ್ನ ತಪ್ಪನ್ನು ಅಡುಗೆಯ ವಿಷಯ ಹೇಳಿದಷ್ಟು ಸಲೀಸಾಗಿ ಹೇಳುವ ಹೆಂಗಸಿನ ಮನೆಗೆ ನಾನು ಸೊಸೆಯಾಗಿ ಬಂದೆನಲ್ಲ ಎಂದು ಹೆಮ್ಮೆಯಾಯಿತು.

ಸಭೆ ಮುಗಿದ ಮೇಲೆ ತಲಕಾಡಿನ ಕಡೆಯ ಹೆಂಗಸೊಬ್ಬರು ಅತ್ತೆಯನ್ನು ಹುಡುಕಿಕೊಂಡು ಬಂದರು. ಅವರದೂ ಹೊಳೆದಂಡೆಯ ಹೊಲವಂತೆ, ಕಾವೇರಿಯದು. ಯಾತ್ರೆಗೆ ಬರುವ ಜನ ಬಿಸಾಡಿದ ಕವರುಗಳೆಲ್ಲ ಮರಳಿನ ಮೇಲೆ ಹಾರಿ ಬಂದು ಅವರ ಹೊಲಕ್ಕೆ ಬೀಳುತ್ತವಂತೆ. "ಒಂದ್ಸಲ ಬಂದು ನೋಡ್ತೀರಾ ಅಕ್ಕ?" ಎಂದು ಕೇಳಿದರು. ನೋಡೋಣ ಎಂದು ಅತ್ತೆ ಹೇಳಿದ್ದನ್ನು ನಾನು ಬಾಯಿಮಾತು ಎಂದುಕೊಂಡೆ. ಮುಂದಿನ ವಾರ ಬೆಳಗ್ಗೆ ಎದ್ದು ಬಟ್ಟೆ ಗಂಟು ಕಟ್ಟಿಕೊಂಡು, ಗುದ್ದಲಿಯ ಕಾವು ಬಿಚ್ಚಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟಾಪಿಗೆ ನಡೆದರು. ಹೊಲಕ್ಕೆ ನೀರು ಯಾವಾಗ ಬಿಡಬೇಕು, ಯಾರಿಗೆ ಏನು ಹೇಳಬೇಕು ಎಂದು ದಾರಿಯಲ್ಲಿ ನನಗೆ ಒಪ್ಪಿಸಿದರು. ಹೊಲವನ್ನು ಅವರು ಬೇರೆಯವರ ಕೈಗೆ ಬಿಟ್ಟುಹೋದದ್ದು ನಾನು ಕಂಡಂತೆ ಅದೇ ಮೊದಲು.

ಕೆಲವು ದಿನ ಬಿಟ್ಟು ಒಂದು ಮಧ್ಯಾಹ್ನ ಬಂದರು. ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು, ಸೀರೆಯ ನೆರಿಗೆಯಿಂದ ಮರಳು ಉದುರುತ್ತಿತ್ತು. ಕಾಲು ತೊಳೆದುಕೊಂಡು ನೇರ ಅಡುಗೆಮನೆಗೆ ಬಂದರು. ನಾನು ತಟ್ಟೆ ಇಟ್ಟು ಮುದ್ದೆ ಹಾಕಿದೆ, ಅವರೆಕಾಳಿನ ಸಾರು ಬಿಟ್ಟೆ.

"ನಮ್ ಥರ ಅಲ್ಲ ಕಣವ್ವ ಆ ಮಣ್ಣು," ಎಂದರು. "ಅಲ್ಲಿ ನೀರ್ಗಿಂತ ಗಾಳಿದೇ ಕಾಟ. ಮಳ್ಳು ಎದ್ದು ಓಯ್ತದೆ, ಚೂರು ಮುಚ್ಕತದೆ. ಆಮೇಲೆ ಇನ್ನೊಂದ್ಕಡೆ ತೆರ್ಕತದೆ. ಕಾಲ್ವೆ ತೋಡುದ್ರೆ ಒಂದೇ ದಿನುಕ್ಕೆ ತುಂಬ್ಕತದೆ. ಅಲ್ಗೆ ಬೇರೇನೇ ಮಾಡ್ಬೇಕು."

"ಏನು ಮಾಡ್ಬೇಕು ಅತ್ತೆ?" ಎಂದೆ.

ಅವರು ಪಕ್ಕದಲ್ಲಿದ್ದ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು, ಅದರಲ್ಲಿದ್ದ ರಾಗಿಹಿಟ್ಟನ್ನು ಬೆರಳಲ್ಲಿ ಗುಡ್ಡೆ ಮಾಡಿದರು. ಇದು ದಿಬ್ಬ, ಇದು ಹೊಳೆ, ಗಾಳಿ ಈ ಕಡೆಯಿಂದ ಎಂದು ತೋರಿಸುತ್ತಾ, ಎಲ್ಲಿ ಬೇಲಿ ಹಾಕಬೇಕು, ಯಾವ ಗಿಡ ನೆಟ್ಟರೆ ನಿಲ್ಲಬಹುದು ಎಂದು ನನ್ನನ್ನೇ ಕೇಳತೊಡಗಿದರು. ನಾನು ಅವರ ಎದುರಿಗೆ ಕೂತು ಹಿಟ್ಟಿನಲ್ಲಿ ಇನ್ನೊಂದು ಗೆರೆ ಎಳೆದೆ. ಅವರು ಅಲ್ಲ ಎಂದು ಅಳಿಸಿದರು, ಯೋಚಿಸಿ, ಮತ್ತೆ ಅದೇ ಗೆರೆಯನ್ನು ಸ್ವಲ್ಪ ಓರೆಯಾಗಿ ಎಳೆದರು. ತಟ್ಟೆಯಲ್ಲಿ ಮುದ್ದೆ ಆರುತ್ತಿತ್ತು.